ಮುರಿದ ಕಾಲಿನ ಏಡಿ, ಪಾರಿವಾಳದ ಮೂಳೆ: ಚೈನೀಸ್ ಅಮೆರಿಕನ್ ಅಮ್ಮಂದಿರ ಪುಸ್ತಕಗಳನ್ನ ಪಕ್ಕಪಕ್ಕ ಇಟ್ಟು ಓದಿದ್ದು

ಮಗಳು ಒಂಬತ್ತನೇ ಕ್ಲಾಸಲ್ಲಿದ್ದಾಗ ಒಂದಿನ ಸ್ಕೂಲಿಂದ ಬಂದವ್ಳೇ ಬ್ಯಾಗ್ ಸೋಫಾ ಮೇಲೆ ಹಾಕಿ "ಅಮ್ಮಾ, ಇವತ್ತು ಇಂಗ್ಲಿಷ್ ಕ್ಲಾಸಲ್ಲಿ ಒಂದು ಕಥೆ ಓದಿದ್ವಿ, ಅದ್ರಲ್ಲಿರೋ ಅಮ್ಮ ಪೂರ್ತಿ ನೀನೇ" ಅಂದ್ಲು. ಖುಷಿಯಿಂದ ಇಸ್ಕೊಂಡು ರಾತ್ರಿ ಪಾತ್ರೆ ತೊಳೆದಾದ್ಮೇಲೆ ಓದೋಕೆ ಕೂತೆ. ಏಮಿ ಟ್ಯಾನ್ ಅವರ 'ಟೂ ಕೈಂಡ್ಸ್'. ಚೀನಾದಿಂದ ಬಂದ ಅಮ್ಮ ಮಗಳನ್ನ ದೊಡ್ಡ ಪ್ರತಿಭೆ ಮಾಡ್ಬೇಕು ಅಂತ ಪಿಯಾನೋ ಕ್ಲಾಸಿಗೆ ಹಾಕ್ತಾಳೆ, ಮಗಳು ಬೇಕಂತ್ಲೇ ಸರಿಯಾಗಿ ಕಲಿಯಲ್ಲ, ಸ್ಟೇಜ್ ಮೇಲೆ ಎಲ್ರ ಮುಂದೆ ತಪ್ಪು ತಪ್ಪಾಗಿ ನುಡಿಸಿ ಮಾನ ಹೋಗತ್ತೆ, ಆಮೇಲೂ ಅಮ್ಮ ಬಿಡದೆ ಕೈ ಹಿಡಿದು ಎಳ್ಕೊಂಡ್ಹೋಗಿ ಪಿಯಾನೋ ಮುಂದೆ ಕೂರಿಸ್ತಾಳೆ, ಆಗ ಮಗಳು ನಾನು ಹುಟ್ಟಲೇಬಾರದಿತ್ತು, ಚೀನಾದಲ್ಲಿ ನೀನು ಕಳ್ಕೊಂಡ ಆ ಮಕ್ಕಳ ಥರ ನಾನೂ ಸತ್ತಿದ್ರೆ ಚೆನ್ನಾಗಿತ್ತು ಅಂತ ಕೂಗಿಬಿಡ್ತಾಳೆ. ಅಲ್ಲಿಗೆ ಅಮ್ಮನ ಬಾಯಿ ಕಟ್ಟಿಹೋಗತ್ತೆ. ನಂಗೂ ಆ ರಾತ್ರಿ ನಿದ್ದೆ ಬರ್ಲಿಲ್ಲ. ನಮ್ಮನೇಲಿ ಪಿಯಾನೋ ಇರ್ಲಿಲ್ಲ, ಭರತನಾಟ್ಯ ಇತ್ತು, ಎಳ್ಕೊಂಡ್ಹೋಗಿದ್ದು ಮಾತ್ರ ಹಾಗೇ.

ಬೆಳಿಗ್ಗೆ ಅವಳಿಗೆ ಹೇಳ್ದೆ, ಇದು ಇಡೀ ಪುಸ್ತಕದ ಒಂದು ತುಂಡು ಅಂತೆ, ಪೂರ್ತಿ ಓದೋಣ, ನೀನೂ ಓದು ನಾನೂ ಓದ್ತೀನಿ. ಹಾಗೆ ಶುರುವಾಗಿದ್ದು. ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ, ಈ ಪುಸ್ತಕಗಳಲ್ಲಿ ಬರೋ ಸ್ಯಾನ್ ಫ್ರಾನ್ಸಿಸ್ಕೋ ಚೈನಾಟೌನ್ ಇಲ್ಲಿಂದ ಬಾರ್ಟ್ ಟ್ರೇನಲ್ಲಿ ಹೋಗಿ ಬರೋವಷ್ಟು ದೂರ, ಲೈಬ್ರರೀಲಿ ಎರಡೆರಡು ಪ್ರತಿ ಸಿಗತ್ತೆ. ಒಂದಾದ್ಮೇಲೆ ಒಂದು ಅಂತ ನಾಲ್ಕು ಪುಸ್ತಕ ಇಬ್ರೂ ಓದಿದ್ವಿ, ಐದನೇದೂ ಒಂದು. ಯಾವುದು ಒಳ್ಳೇದು ಅಂತ ನಮ್ಮಿಬ್ರಿಗೆ ಇವತ್ತಿಗೂ ಒಮ್ಮತ ಇಲ್ಲ. ನನ್ನ ಅಭಿಪ್ರಾಯ ಇಲ್ಲಿ ಬರೀತೀನಿ, ಅವಳದ್ದೂ ಅಲ್ಲಲ್ಲಿ ಬರತ್ತೆ.

ನಾನು ನೋಡಿದ್ದು ಮುಖ್ಯವಾಗಿ ಒಂದೇ ವಿಷ್ಯ, ಅಮ್ಮನ ಕಥೆ ಹೇಳೋರು ಯಾರು ಅಂತ. ಅಮ್ಮನೇ ಹೇಳ್ತಾಳಾ, ಮಗಳು ಹೇಳ್ತಾಳಾ, ಅಮ್ಮನ ಭಾಷೆ ಮಗಳಿಗೆ ಅರ್ಧಂಬರ್ಧ ಗೊತ್ತಿದ್ರೆ ಆ ಕಥೆ ಏನಾಗತ್ತೆ.

ಏಮಿ ಟ್ಯಾನ್ ಅವರ 'ದಿ ಜಾಯ್ ಲಕ್ ಕ್ಲಬ್' ಬಂದಿದ್ದು 1989ರಲ್ಲಿ, 'ಟೂ ಕೈಂಡ್ಸ್' ಇರೋದು ಇದರಲ್ಲೇ. ನಾಲ್ಕು ಅಮ್ಮಂದಿರು, ನಾಲ್ಕು ಹೆಣ್ಮಕ್ಕಳು, ಒಟ್ಟು 16 ಕಥೆ. ಮಾಜಾಂಗ್ ಅನ್ನೋ ಚೀನೀ ಆಟ ಆಡೋ ಮೇಜಿನ ಸುತ್ತ ಕೂರೋ ನಾಲ್ವರಲ್ಲಿ ಒಬ್ಳು, ಸುಯುಆನ್, ತೀರ್ಕೊಂಡಿರ್ತಾಳೆ, ಅವಳ ಖಾಲಿ ಜಾಗದಲ್ಲಿ ಮಗಳು ಜಿಂಗ್-ಮೇ ಬಂದು ಕೂರೋದ್ರಿಂದ ಪುಸ್ತಕ ಶುರು. ಯುದ್ಧದ ಟೈಮಲ್ಲಿ ಜಪಾನಿನ ಸೈನ್ಯ ಬರ್ತಿದೆ ಅಂತ ಗ್ವೇಲಿನ್ ಊರು ಬಿಟ್ಟು ಓಡುವಾಗ ಸುಯುಆನ್ ತನ್ನ ಅವಳಿ ಹೆಣ್ಮಕ್ಕಳನ್ನ ದಾರೀಲಿ ಬಿಟ್ಟು ಬಂದಿರ್ತಾಳೆ. ಪಿಯಾನೋ ಜಗಳದಲ್ಲಿ ಮಗಳು ಜಿಂಗ್-ಮೇ ಎತ್ತಿ ಆಡಿದ್ದು ಆ ಮಕ್ಕಳನ್ನ. ಇಡೀ ಪುಸ್ತಕ ಓದದೆ ಬರೀ 'ಟೂ ಕೈಂಡ್ಸ್' ಓದಿದ್ರೆ ಈ ಮಾತಿನ ಭಾರ ಗೊತ್ತಾಗಲ್ಲ, ಸ್ಕೂಲಲ್ಲಿ ಅದೊಂದನ್ನೇ ಕಿತ್ತು ಓದಿಸಿದ್ರೆ ಅಮ್ಮ ಬರೀ ಹಟಮಾರಿ ಥರ ಕಾಣ್ತಾಳೆ, ಅದು ನಂಗೆ ಬೇಜಾರು.

ಈ ಪುಸ್ತಕದ ದೊಡ್ಡ ಗುಣ ಅಂದ್ರೆ ಅಮ್ಮಂದಿರಿಗೆ ಸ್ವಂತ ಅಧ್ಯಾಯ ಇದೆ. ಲಿಂಡೋ ಅಂತ ಒಬ್ಳು, ಮಗಳು ವೇವರ್ಲಿ ಹೇಳೋ ಕಥೇಲಿ ಬಂದಾಗ ಅವಳ ಇಂಗ್ಲಿಷ್ ಮುರುಕಲು, ಒಂದೊಂದು ಪದಾನೂ ತಡವರಿಸಿ ಬರತ್ತೆ. ಅದೇ ಲಿಂಡೋ ತನ್ನ ಅಧ್ಯಾಯದಲ್ಲಿ ತಾನೇ ಮಾತಾಡುವಾಗ ಭಾಷೆ ಹೊಳೆ ಥರ ಹರಿಯತ್ತೆ, ಚುರುಕು, ಜಾಣತನ, ಕೋಪ ಎಲ್ಲಾ ಇದೆ. ಇದನ್ನ ಓದಿ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಯಾಕಂದ್ರೆ ಇನ್ಶೂರೆನ್ಸ್‌ನವ್ರ ಹತ್ರ ನಾನು ಫೋನಲ್ಲಿ ಮಾತಾಡ್ತಿದ್ರೆ ಆ ಕಡೆಯವ್ರು ಮೂರು ಸಲ ಏನು ಏನು ಅಂತ ಕೇಳ್ತಾರೆ, ಮಗಳು ಬಂದು ಫೋನ್ ಇಸ್ಕೊಂಡು ನನ್ನ ಹೆಸ್ರಲ್ಲೇ ಮಾತಾಡಿ ಎರಡು ನಿಮಿಷದಲ್ಲಿ ಕೆಲ್ಸ ಮುಗಿಸ್ತಾಳೆ. ಟ್ಯಾನ್ ಅವರೂ ಚಿಕ್ಕವರಿದ್ದಾಗ ಅಮ್ಮನ ಹೆಸ್ರಲ್ಲಿ ಹಾಗೇ ಫೋನ್ ಮಾಡ್ತಿದ್ರಂತೆ, ಬರ್ಕೊಂಡಿದಾರೆ, ಅಮ್ಮನೇ ಇದನ್ನ ಓದೋಳು ಅಂತ ಮನಸ್ಸಲ್ಲಿಟ್ಕೊಂಡು ಈ ಪುಸ್ತಕ ಬರೆದೆ ಅಂತಾನೂ ಹೇಳಿದಾರೆ.

ಸೋಯಾ ಸಾಸ್ ಪ್ರಸಂಗ ಓದಿದ್ರೆ ಕನ್ನಡದವರಿಗೆ ಯಾರೂ ವಿವರಿಸೋದೇ ಬೇಡ. ವೇವರ್ಲಿ ತನ್ನ ಅಮೆರಿಕನ್ ಗೆಳೆಯನನ್ನ ಊಟಕ್ಕೆ ಕರ್ಕೊಂಡು ಬರ್ತಾಳೆ, ಲಿಂಡೋ ತನ್ನ ಕೈಯಡುಗೆಯಲ್ಲೇ ಬೆಸ್ಟ್ ಅನ್ನೋದನ್ನ ಮೇಜಿಗಿಟ್ಟು ಉಪ್ಪೇ ಇಲ್ಲ, ರುಚಿನೇ ಇಲ್ಲ ಅಂತಾಳೆ. ಅವನು ಅದನ್ನ ನಿಜ ಅಂದ್ಕೊಂಡು ಸೋಯಾ ಸಾಸ್ ಬಾಟಲಿ ತೆಗೆದು ಮೇಲೆ ಸುರೀತಾನೆ. ನಮ್ಮಲ್ಲೂ ನೆಂಟರಿಗೆ ಬಡಿಸುವಾಗ "ಇವತ್ಯಾಕೋ ಸಾರು ಸರಿಯಾಗೇ ಇಲ್ಲ ಕಣ್ರೀ" ಅಂತೀವಲ್ಲ, ಅದಕ್ಕೆ ಅಯ್ಯೋ ಎಷ್ಟು ಚೆನ್ನಾಗಿದೆ ಅಂತ ಹೇಳ್ಬೇಕು ಅನ್ನೋದು ಹುಟ್ಟಿದಾಗಿಂದ ಗೊತ್ತಿರತ್ತೆ. ಮಗಳಿಗೆ ಅದನ್ನ ನಾನು ಯಾವತ್ತೂ ಹೇಳ್ಕೊಟ್ಟಿರ್ಲಿಲ್ಲ, ಆ ಪುಟ ಓದಿದ್ಮೇಲೆ ಅವಳು "ಅದಕ್ಕಾ ನೀನು ಹಾಗಂತಿದ್ದಿದ್ದು?" ಅಂತ ಕೇಳಿದ್ಲು.

ಕೊರತೆನೂ ಇದೆ. ಹೆಣ್ಮಕ್ಕಳ ಅಧ್ಯಾಯಗಳ ದನಿ ಒಂದಕ್ಕೊಂದು ತುಂಬಾ ಹತ್ರ, ರೋಸ್ ಯಾರ ಮಗಳು, ಲೀನಾ ಯಾರ ಮಗಳು ಅಂತ ನಾನು ಪದೇ ಪದೇ ಮೊದಲ ಪುಟಕ್ಕೆ ಹೋಗಿ ಪಟ್ಟಿ ನೋಡ್ಬೇಕಾಯ್ತು. ಚೀನಾದಲ್ಲಿ ನಡೆಯೋ ಭಾಗಗಳಲ್ಲಿ ಒಂಥರಾ ಅಜ್ಜಿಕಥೆ ಬೆಳಕು ಬೀಳತ್ತೆ, ಸಾಯ್ತಿರೋ ಅಜ್ಜಿಗೆ ತಾಯಿ ತನ್ನ ತೋಳಿನ ಮಾಂಸ ಕೊಯ್ದು ಸೂಪಿಗೆ ಹಾಕೋ ಥರದ್ದು, ಮನಸ್ಸಿಗೆ ನಾಟತ್ತೆ ನಿಜ, ಆದ್ರೆ ಹಂಗೇ ಒಂದಾದ್ಮೇಲೆ ಒಂದು ಬಂದಾಗ ಸ್ವಲ್ಪ ಜಾಸ್ತಿ ಆಯ್ತು ಅನ್ಸತ್ತೆ. ಗಂಡಸರು ಬಹಳ ಮಂದಿ ಕೆಟ್ಟೋರು ಇಲ್ಲಾ ಪೆದ್ದರು. 1993ರ ಸಿನಿಮಾನೂ ನೋಡಿದ್ವಿ, ಇಬ್ರೂ ಅತ್ವಿ, ಆದ್ರೂ ಪುಸ್ತಕಾನೇ ಮೇಲು.

ಎರಡನೇದು 'ದಿ ವುಮನ್ ವಾರಿಯರ್', ಮ್ಯಾಕ್ಸಿನ್ ಹಾಂಗ್ ಕಿಂಗ್‌ಸ್ಟನ್, 1976. ಜಾಯ್ ಲಕ್‌ಗಿಂತ 13 ವರ್ಷ ಹಿಂದಿನದ್ದು, ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಅಂದ್ರೂ ತಪ್ಪಿಲ್ಲ. ಇದನ್ನ ಕಾದಂಬರಿ ಅಂತ ಕರೀಬೇಕಾ ಅನ್ನೋದೇ ಜಗಳ, ಪ್ರಕಟ ಆಗಿದ್ದು ಆತ್ಮಕಥನ ಅಂತ, ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿ ಬಂದಿದ್ದೂ ನಾನ್‌ಫಿಕ್ಷನ್ ವಿಭಾಗದಲ್ಲಿ, ಒಳಗೆ ನೋಡಿದ್ರೆ ಅರ್ಧ ದಂತಕಥೆ, ಅರ್ಧ ಕಲ್ಪನೆ. ಫಾ ಮೂ ಲಾನ್ ಅನ್ನೋ ವೀರ ಹೆಣ್ಣಿನ ಕಥೆಗೆ ಯುವೆ ಫೇ ಅನ್ನೋ ಸೇನಾಪತಿಯ ಬೆನ್ನ ಮೇಲೆ ಅಕ್ಷರ ಕೆತ್ತಿದ ಕಥೆ ಸೇರಿಸಿದಾರೆ ಅಂತ ಫ್ರ್ಯಾಂಕ್ ಚಿನ್ ಅಂಥ ಲೇಖಕರು ಭಾರೀ ಟೀಕೆ ಮಾಡಿದ್ರು. ನನ್ನ ಮಟ್ಟಿಗೆ ಆ ಟೀಕೆ ಸರಿಯಲ್ಲ. ಲಾಂಡ್ರಿಯಲ್ಲಿ ಕೆಲ್ಸ ಮಾಡ್ತಾ ಅಮ್ಮ ಹೇಳಿದ್ದನ್ನ ಕೇಳಿಸ್ಕೊಂಡು ಬೆಳೆದ ಹುಡುಗಿ ತಲೇಲಿ ಎರಡು ಕಥೆ ಕಲಸಿಹೋಗೋದು ಸಹಜ, ಪುಸ್ತಕ ಹೇಳ್ತಿರೋದೇ ಅದನ್ನ.

ಇಲ್ಲಿ ಅಮ್ಮನಿಗೆ ಸ್ವಂತ ಅಧ್ಯಾಯ ಇಲ್ಲ, ಎಲ್ಲಾನೂ ಮಗಳ ಬಾಯಿಂದಾನೇ. ಹಾಗಿದ್ರೂ ಈ ನಾಲ್ಕು ಪುಸ್ತಕದ ಅಮ್ಮಂದಿರಲ್ಲಿ ದೊಡ್ಡವಳು ಇವಳೇ, ಬ್ರೇವ್ ಆರ್ಕಿಡ್. ಚೀನಾದಲ್ಲಿ ಓದಿ ಡಾಕ್ಟರಿಕೆ, ಸೂಲಗಿತ್ತಿ ಕೆಲ್ಸ ಎಲ್ಲಾ ಮಾಡಿದವಳು, ಹಾಸ್ಟೆಲ್ಲಿನ ದೆವ್ವದ ರೂಮಲ್ಲಿ ಒಬ್ಳೇ ರಾತ್ರಿ ಕಳೆದು ಎದೆ ಮೇಲೆ ಕೂತ ದೆವ್ವಾನ ಬೈದು ಓಡಿಸಿದವಳು, ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ಗೆ ಬಂದ್ಮೇಲೆ ಬೇರೆಯವ್ರ ಬಟ್ಟೆ ಒಗೆದು ಇಸ್ತ್ರಿ ಹಾಕ್ತಾಳೆ. ನನ್ನ ಗೆಳತಿಯೊಬ್ಬಳು ಊರಲ್ಲಿ ಕಾಲೇಜ್ ಲೆಕ್ಚರರ್ ಆಗಿದ್ದವಳು, ಇಲ್ಲಿ ಹತ್ತು ವರ್ಷ ಡೇಕೇರಲ್ಲಿ ಮಕ್ಕಳಿಗೆ ಡೈಪರ್ ಹಾಕಿದ್ಲು, ನಂಗೆ ಓದ್ತಾ ಓದ್ತಾ ಅವಳ ಮುಖಾನೇ ಕಾಣ್ತಿತ್ತು.

ಕೊನೇ ಭಾಗದಲ್ಲಿ ಒಂದು ದೃಶ್ಯ ಇದೆ, ಅದನ್ನ ಎಷ್ಟು ಸಲ ಓದಿದೀನೋ. ಮಗಳು ಅಮ್ಮನಿಗೆ ಹೇಳ್ಬೇಕಾದ ವಿಷಯಗಳ ಪಟ್ಟಿ ಮನಸ್ಸಲ್ಲೇ ಇಟ್ಕೊಂಡಿರ್ತಾಳೆ, ಇನ್ನೂರಕ್ಕೂ ಜಾಸ್ತಿ. ದಿನಕ್ಕೊಂದು ಹೇಳಿ ಮುಗಿಸೋಣ ಅಂತ ಲಾಂಡ್ರೀಲಿ ಅಮ್ಮ ಶರ್ಟಿಗೆ ಗಂಜಿ ಹಾಕೋ ಹೊತ್ತಿಗೆ ಪಕ್ಕದಲ್ಲಿ ನಿಂತು ಪಿಸುಗುಟ್ತಾಳೆ. ಕೆಲವು ದಿನ ಆದ್ಮೇಲೆ ಅಮ್ಮ, ಏನಿದು ದಿನಾ ಗುಸುಗುಸು, ಹುಚ್ಚುಚ್ಚಾಗಿ, ಹೋಗು ಕೆಲ್ಸ ನೋಡು ಅಂದುಬಿಡ್ತಾಳೆ. ಅಮ್ಮನ ತಪ್ಪೂ ಅನ್ನೋಕಾಗಲ್ಲ, ಬೆಳಿಗ್ಗೆಯಿಂದ ನಿಂತು ಸುಸ್ತಾಗಿದಾಳೆ, ಅವಳಿಗೆ ದಿನದಲ್ಲಿ ಸುಮ್ನಿರೋಕೆ ಸಿಗೋದು ಅದೊಂದೇ ಹೊತ್ತು. ಮಗಳಿಗಂತೂ ಪಟ್ಟಿ ಪೂರ್ತಿ ಗಂಟಲಲ್ಲೇ ಉಳೀತು. ಜಾಯ್ ಲಕ್‌ನಲ್ಲಿ ಎಲ್ಲಾ ಗಂಟೂ ಕೊನೆಗೆ ಸ್ವಲ್ಪವಾದ್ರೂ ಬಿಚ್ಕೊಳತ್ತೆ, ಇಲ್ಲಿ ಹಾಗಲ್ಲ.

ಓದೋಕೆ ಕಷ್ಟ ಅನ್ನೋದನ್ನ ಮುಚ್ಚಿಡಲ್ಲ. ಯಾವುದು ನಡೆದಿದ್ದು ಯಾವುದು ಕನಸು ಅಂತ ಗೊತ್ತಾಗದೆ ಮೂವತ್ತು ಪುಟಕ್ಕೇ ನನ್ನ ಮಗಳು ಕೆಳಗಿಟ್ಳು, ಎರಡು ತಿಂಗಳು ಬಿಟ್ಟು ಮತ್ತೆ ತಗೊಂಡ್ಲು. ಹಾಂಗ್‌ಕಾಂಗಿಂದ ಬರೋ ಚಿಕ್ಕಮ್ಮ ಮೂನ್ ಆರ್ಕಿಡ್ ಕಥೆ ಇರೋ ಅಧ್ಯಾಯ ನೇರವಾಗಿದೆ, ಗಂಡ ಲಾಸ್ ಏಂಜಲೀಸಲ್ಲಿ ಬೇರೆ ಮದ್ವೆ ಆಗಿ ಡಾಕ್ಟರಾಗಿ ಆರಾಮಾಗಿದಾನೆ, ಇವಳನ್ನ ಅಕ್ಕ ಬಲವಂತವಾಗಿ ಅವನ ಮುಂದೆ ಕರ್ಕೊಂಡ್ಹೋಗಿ ನಿಲ್ಲಿಸ್ತಾಳೆ, ಆಮೇಲೆ ಪಾಪ ಅವಳ ಬುದ್ಧಿಯೇ ಕದಡಿಹೋಗತ್ತೆ. ಕಷ್ಟ ಅನ್ಸಿದವ್ರು ಅಲ್ಲಿಂದ ಶುರು ಮಾಡಿ.

ಈಗ 'ಬೋನ್'. ಫೇ ಮಿಯೆನ್ ಇಂಗ್, 1993. ಇದರ ಹೆಸರು ನಾನು ಕೇಳೇ ಇರ್ಲಿಲ್ಲ, ಲೈಬ್ರರಿಯಲ್ಲಿ ಕೆಲ್ಸ ಮಾಡೋ ಒಬ್ರು ವಯಸ್ಸಾದ ಚೈನೀಸ್ ಆಂಟಿ, ನಾನು ಸಾಲಾಗಿ ಈ ಥರದ್ದೇ ತಗೋತಿರೋದು ನೋಡಿ, ಇದನ್ನ ಓದದೆ ಬಿಡ್ಬೇಡ ಅಂತ ಕೈಗಿಟ್ರು. ಸಣ್ಣ ಪುಸ್ತಕ. ಮಾತುಗಳೂ ಸಣ್ಣ ಸಣ್ಣವು. ಚೈನಾಟೌನಲ್ಲಿ ಮೂರು ಹೆಣ್ಮಕ್ಕಳ ಮನೆ, ಮಧ್ಯದವಳು ಓನಾ ಬಿಲ್ಡಿಂಗ್ ಮೇಲಿಂದ ಹಾರಿ ಸತ್ತಿದಾಳೆ, ದೊಡ್ಡವಳು ಲೇಲಾ ಕಥೆ ಹೇಳ್ತಾಳೆ, ಮುಂದಿಂದ ಹಿಂದಕ್ಕೆ. ಅಂದ್ರೆ ಪುಟ ತಿರುಗಿಸಿದಷ್ಟೂ ಕಾಲ ಹಿಂದೆ ಹೋಗತ್ತೆ. ಯಾಕೆ ಸತ್ಲು ಅನ್ನೋದಕ್ಕೆ ಉತ್ತರ ಸಿಗತ್ತೆ ಅಂತ ಕಾಯ್ತೀರಿ, ಒಂದು ಗಟ್ಟಿ ಉತ್ತರ ಸಿಗಲ್ಲ, ಮನೇಲಿ ಒಬ್ಬೊಬ್ರೂ ನನ್ನಿಂದಾನೇ ಅಂತ ಒಳಗೊಳಗೇ ಲೆಕ್ಕ ಹಾಕ್ಕೊಳ್ಳೋದು ಮಾತ್ರ ಕಾಣತ್ತೆ.

ಇಲ್ಲಿ ಅಮ್ಮ ಬಟ್ಟೆ ಹೊಲಿಯೋಳು, ಗಾರ್ಮೆಂಟ್ ಶಾಪಲ್ಲಿ, ಮನೆಗೆ ಬಂದ್ಮೇಲೂ ಮೆಷಿನ್ ಮುಂದೆ. ಅವಳಿಗೆ ಯುದ್ಧದ ದೊಡ್ಡ ಕಥೆ ಇಲ್ಲ, ಅರಮನೆ ಇಲ್ಲ, ದೆವ್ವ ಇಲ್ಲ, ಪೀಸ್ ಲೆಕ್ಕದ ಕೂಲಿ ಇದೆ. ಲೇಲಾಳ ಮಲತಂದೆ ಲಿಯಾನ್ ಹಡಗಲ್ಲಿ ಕೆಲ್ಸ ಮಾಡೋನು, ಪೇಪರ್ ಸನ್. ಇದು ಗೊತ್ತಿಲ್ದೋರಿಗೆ ಹೇಳ್ಬೇಕು: 1882ರಲ್ಲಿ ಅಮೆರಿಕ ಚೀನೀ ಕೂಲಿಯವರು ಬರೋದನ್ನ ಕಾನೂನು ಮಾಡಿ ನಿಲ್ಲಿಸ್ತು, 1943ರವರೆಗೂ ಆ ಕಾನೂನಿತ್ತು. 1906ರ ಭೂಕಂಪ, ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆ ಎಲ್ಲಾ ಸುಟ್ಟುಹೋದಾಗ ಎಷ್ಟೋ ಜನ ನಾವು ಇಲ್ಲೇ ಹುಟ್ಟಿದ್ದು ಅಂತ ಬರೆಸಿದ್ರು, ಆಮೇಲೆ ಚೀನಾದಲ್ಲಿ ಮಗ ಇದಾನೆ ಅಂತ ಹೇಳಿ ಆ ಮಗನ ಜಾಗ ಬೇರೆಯವ್ರಿಗೆ ಮಾರಿದ್ರು. ಹಾಗೆ ಕಾಗದದ ಮೇಲೆ ಮಗನಾಗಿ ಬಂದೋನು ಲಿಯಾನ್. ಅವನಿಗೆ ಸೋಷಿಯಲ್ ಸೆಕ್ಯುರಿಟಿ ದುಡ್ಡು, ಅಂದ್ರೆ ಸರ್ಕಾರದ ಪಿಂಚಣಿ, ಬರ್ಬೇಕಂದ್ರೆ ವಯಸ್ಸಿನ ಪುರಾವೆ ಬೇಕು, ಒಂದೊಂದು ಕಾಗದದಲ್ಲಿ ಒಂದೊಂದು ವಯಸ್ಸು. ಲೇಲಾ ಕೂತು ಅವನ ಸೂಟ್‌ಕೇಸ್ ಬಿಚ್ಚಿ ಒಂದೊಂದೇ ತೆಗೀತಾಳೆ, ಕೆಲ್ಸ ಕೊಡಲ್ಲ, ಮನೆ ಬಾಡಿಗೆಗೆ ಕೊಡಲ್ಲ ಅಂತ ಬಂದ ಕಾಗದಗಳನ್ನೂ ಆ ಮನುಷ್ಯ ಎಸೀದೆ ಜೋಪಾನವಾಗಿ ಇಟ್ಕೊಂಡಿರ್ತಾನೆ.

ಈ ಪುಸ್ತಕ ನಂಗೆ ಎಲ್ಲಕ್ಕಿಂತ ಹತ್ರ ಆಯ್ತು, ಕಾರಣ ಲೇಲಾ. ಮನೆಯ ಫಾರಂ ತುಂಬೋಳು ಅವಳು, ಆಫೀಸಿಗೆ ಕರ್ಕೊಂಡ್ಹೋಗೋಳು ಅವಳು, ಅಪ್ಪ ಅಮ್ಮ ಜಗಳ ಆಡಿದ್ರೆ ಮಧ್ಯೆ ಓಡಾಡೋಳು ಅವಳು. ನ್ಯೂಯಾರ್ಕಿಗೆ ತಂಗಿ ನೋಡೋಕೆ ಹೋದವಳು ಅಲ್ಲೇ ಮೇಸನ್ ಅನ್ನೋನ ಜೊತೆ ಸದ್ದಿಲ್ದೆ ರಿಜಿಸ್ಟರ್ ಮದ್ವೆ ಆಗಿ ಬರ್ತಾಳೆ, ಅಮ್ಮನಿಗೆ ಹೇಗೆ ಹೇಳೋದು ಅನ್ನೋ ಸಂಕಟದಿಂದ ಪುಸ್ತಕ ಶುರು ಆಗತ್ತೆ. ಅಮ್ಮನಿಗೆ ಊಟ ಹಾಕಿಸ್ದೆ ಆದ ಮದ್ವೆ ಅಂತ ನೋವು, ಊರಿಗೆಲ್ಲ ಬಾಳೆಲೆ ಹಾಕದ ಮದ್ವೆ ಅಂದ್ರೆ ನಮ್ಮಲ್ಲೂ ಅಷ್ಟೇ ಅಲ್ವಾ. ಜಾಯ್ ಲಕ್ ಹೆಣ್ಮಕ್ಕಳಿಗೆ ಬೇರೆ ಮನೆ, ಬೇರೆ ಜೀವನ ಆಗ್ಲೇ ಇದೆ. ಲೇಲಾಗೆ ಮನೆ ಬಿಟ್ಟು ಎರಡು ಬೀದಿ ಆಚೆ ಹೋಗೋಕೂ ಎದೆ ಭಾರ.

ಊಟದ ವಿಷ್ಯದಲ್ಲಿ ಎರಡೂ ಪುಸ್ತಕ ಎದುರುಬದುರು ಇಟ್ಟು ನೋಡಿ. ಜಾಯ್ ಲಕ್‌ನಲ್ಲಿ ಚೈನೀಸ್ ಹೊಸ ವರ್ಷದ ಊಟ, ಸುಯುಆನ್ ತಂದ ಏಡಿಗಳಲ್ಲಿ ಒಂದಕ್ಕೆ ಕಾಲು ಮುರಿದಿದೆ. ತಟ್ಟೆ ಸುತ್ತಿ ಬರುವಾಗ ಎಲ್ರೂ ಒಳ್ಳೊಳ್ಳೇದು ತಗೋತಾರೆ, ಕೊನೆಗೆ ಎರಡು ಉಳೀತವೆ, ಜಿಂಗ್-ಮೇ ಮುರಿದದ್ದಕ್ಕೆ ಕೈ ಹಾಕ್ತಾಳೆ, ಅಮ್ಮ ಬೇಡ ಬೇಡ ದೊಡ್ಡದು ನೀನು ತಿನ್ನು ಅಂತ ತಡೆದು ಅದನ್ನ ತಾನಿಟ್ಕೋತಾಳೆ. ಆಮೇಲೆ ಮೂಸಿ ನೋಡಿ, ತಿನ್ನದೆ ತಟ್ಟೆ ಹಿಡ್ಕೊಂಡು ಒಳಗೆ ಹೋಗ್ತಾಳೆ. ಎಲ್ರೂ ಹೋದ್ಮೇಲೆ, ಮುರಿದದ್ದನ್ನ ಆರಿಸಿದ್ದು ನೀನೊಬ್ಳೇ ಅಂತ ಹೇಳಿ ಕೊರಳಿನ ಜೇಡ್ ಪದಕ ಬಿಚ್ಚಿ ಕೊಡ್ತಾಳೆ. ಬೋನ್‌ನಲ್ಲಿ ಪಾರಿವಾಳ ಬೇಯಿಸಿದ ದಿನ ಮಕ್ಕಳಿಗೆ ಮಾಂಸ, ಅಮ್ಮ ಅಡುಗೆಮನೇಲಿ ಒಬ್ಳೇ ಕೂತು ಕತ್ತು, ಬೆನ್ನು, ತಲೆ ಚೀಪ್ತಾಳೆ, ಮೂಳೆ ಎಷ್ಟು ಸಿಹಿ ಅಂತ ನಿಮಗೇನು ಗೊತ್ತು ಅಂತಾಳೆ. ಪದಕ ಇಲ್ಲ, ಬುದ್ಧಿಮಾತಿಲ್ಲ, ಅಷ್ಟೇ. ನಮ್ಮ ಅವ್ವಾನೂ ಕೋಳಿ ಸಾರು ಮಾಡಿದ ದಿನ ಕತ್ತು, ಬೆನ್ನು ತನಗೆ ಅಂತಿದ್ಲು, ನಂಗೆ ಅದೇ ಇಷ್ಟ ಕಣೇ ಅಂತಿದ್ಲು, ನಾವು ನಿಜ ಅಂತ್ಲೇ ನಂಬಿದ್ವಿ. ಓದಿದ ತಕ್ಷಣ ಮನಸ್ಸು ಕರಗಿದ್ದು ಏಡಿಗೆ. ವರ್ಷ ಆದ್ರೂ ಬಿಡದೆ ಕಾಡ್ತಿರೋದು ಆ ಮೂಳೆ.

ನಾಲ್ಕನೇದು ಮತ್ತೆ ಟ್ಯಾನ್, 'ದಿ ಬೋನ್‌ಸೆಟರ್ಸ್ ಡಾಟರ್', 2001. ಅಮ್ಮ ಲುಲಿಂಗ್‌ಗೆ ಮರೆವಿನ ಕಾಯಿಲೆ ಶುರುವಾಗಿದೆ, ನೆನಪು ಹೋಗೋ ಮುಂಚೆ ಅಂತ ತನ್ನ ಜೀವನ ಪೂರ್ತಿ ಚೈನೀಸಲ್ಲಿ ಬರೆದು ಮಗಳಿಗೆ ಕೊಟ್ಟಿದಾಳೆ. ಮಗಳು ರುತ್‌ಗೆ ಚೈನೀಸ್ ಓದೋಕೆ ಸರಿಯಾಗಿ ಬರಲ್ಲ. ಬೇರೆಯವ್ರ ಪುಸ್ತಕ ಬರ್ಕೊಡೋದೇ ಅವಳ ಕಸುಬು, ಸ್ವಂತ ಅಮ್ಮ ಬರೆದಿದ್ದು ಮಾತ್ರ ಡ್ರಾದಲ್ಲಿ ಬಿದ್ದಿರತ್ತೆ, ಕೊನೆಗೆ ದುಡ್ಡು ಕೊಟ್ಟು ಅನುವಾದ ಮಾಡಿಸ್ತಾಳೆ. ಪುಸ್ತಕದ ಮಧ್ಯದಲ್ಲಿ ಆ ಬರಹಾನೇ ಬರತ್ತೆ. ಪೀಕಿಂಗ್ ಮಾನವ ಅನ್ನೋ ಆದಿಮಾನವನ ಮೂಳೆ ಸಿಕ್ಕ ಜೌಕೌಡಿಯನ್ ಹತ್ರದ ಹಳ್ಳಿ, ಶಾಯಿ ಮಾಡೋ ಮನೆತನ, ಮುಖ ಸುಟ್ಟು ಮಾತು ಹೋದ ದಾದಿ, ಆ ದಾದಿನೇ ನಿಜವಾದ ತಾಯಿ ಅಂತ ಲುಲಿಂಗ್‌ಗೆ ತಡವಾಗಿ ಗೊತ್ತಾಗೋದು. ಈ ಭಾಗ ಟ್ಯಾನ್ ಬರೆದಿದ್ರಲ್ಲೇ ಅತಿ ಗಟ್ಟಿ ಅಂತ ನನ್ನ ಲೆಕ್ಕ. ಅವರ ತಾಯಿಗೂ ಅಲ್ಜೈಮರ್ ಇತ್ತು, 1999ರಲ್ಲಿ ತೀರ್ಕೊಂಡ್ರು, ಅದು ಬರವಣಿಗೇಲಿ ಗೊತ್ತಾಗತ್ತೆ. ಮೊದಲ, ಕೊನೆಯ ಭಾಗ ಅಷ್ಟಿಲ್ಲ, ರುತ್ ಮತ್ತೆ ಅವಳ ಜೊತೆಗಾರನ ಸಮಸ್ಯೆ ಎಳೆದೂ ಎಳೆದೂ ಹೇಳಿದ ಹಾಗಿದೆ, ಅನುವಾದ ಮಾಡಿದ ಮನುಷ್ಯನಿಗೆ ಲುಲಿಂಗ್ ಮೇಲೆ ಪ್ರೀತಿ ಬರೋದಂತೂ ಸಿನಿಮಾ ಥರ. ಆದ್ರೂ ರುತ್ ಅನುವಾದ ಮಾಡಿಸೋ ಜಾಗ ಬಂದಾಗ ನನ್ನ ಮಗಳು ಪುಸ್ತಕದಿಂದ ತಲೆ ಎತ್ತಿ "ನೀನು ಕನ್ನಡದಲ್ಲಿ ಏನಾದ್ರೂ ಬರೆದಿಟ್ಟಿದೀಯಾ?" ಅಂತ ಕೇಳಿದ್ಲು. ಬರೆದಿಟ್ಟಿದೀನಿ. ಅವಳಿಗೆ ಕನ್ನಡ ಮಾತು ಬರತ್ತೆ, ಅಕ್ಷರ ಬರಲ್ಲ, ಭಾನುವಾರದ ಕನ್ನಡ ಕ್ಲಾಸು ಡ್ಯಾನ್ಸ್ ಕ್ಲಾಸಿಗೆ ಅಡ್ಡ ಬರತ್ತೆ ಅಂತ ಬಿಡಿಸಿದ್ದು ನಾನೇ. ಆ ಬೇಸಿಗೇಲಿ ಕಾಗುಣಿತ ಶುರು ಮಾಡಿದ್ವಿ, ಈಗ ಅಂಗಡಿ ಬೋರ್ಡು ಓದೋವಷ್ಟು ಬಂದಿದೆ.

ಐದನೇದು 'ಗರ್ಲ್ ಇನ್ ಟ್ರಾನ್ಸ್‌ಲೇಷನ್', ಜೀನ್ ಕ್ವಾಕ್, 2010. ಹಾಂಗ್‌ಕಾಂಗಿಂದ ಬ್ರೂಕ್ಲಿನ್‌ಗೆ ಬಂದ ಅಮ್ಮ ಮಗಳು, ಹೀಟಿಂಗ್ ಇಲ್ಲದ ಮನೇಲಿ ಅವನ್ ಬಾಗಿಲು ತೆಗೆದಿಟ್ಕೊಂಡು ಚಳಿ ಕಾಯಿಸ್ಕೋತಾರೆ, ಶಾಲೆ ಮುಗಿಸಿ ಮಗಳೂ ಗಾರ್ಮೆಂಟ್ ಕೆಲ್ಸಕ್ಕೆ. ಅಮ್ಮ ಮಗಳ ಮಧ್ಯೆ ಜಗಳವೇ ಇಲ್ಲ, ಇಬ್ರೂ ಒಂದೇ ಕಡೆ. ಎರಡು ದಿನದಲ್ಲಿ ಓದಿ ಮುಗಿಸ್ಬಹುದು. ಕೊನೆ ಸ್ವಲ್ಪ ಅವಸರ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿದ್ರೆ ಇದನ್ನೇ ಮೊದಲು ಕೊಡಿ.

ಉಳಿದಂತೆ ನನ್ನ ಸಲಹೆ: ಹದಿನೈದು ದಾಟಿದ ಮಗಳಿಗೆ ಜಾಯ್ ಲಕ್, ಆದ್ರೆ ಜೊತೆಗೆ ನೀವೂ ಓದಿ, ಅವಳೊಬ್ಳೇ ಓದಿದ್ರೆ ಅಮ್ಮಂದಿರ ಅಧ್ಯಾಯ ಹಾರಿಸ್ತಾಳೆ, ನನ್ನ ಮಗಳು ಹಾರಿಸ್ತಿದ್ಲು. ಅಮ್ಮನಿಗೆ ವಯಸ್ಸಾಗಿದೆ, ಏನೂ ಕೇಳಿಟ್ಕೊಂಡಿಲ್ಲ ಅಂತ ಕೊರಗೋರು ಬೋನ್‌ಸೆಟರ್‌ನ ಮಧ್ಯಭಾಗಾನಾದ್ರೂ ಓದಿ. ವುಮನ್ ವಾರಿಯರ್ ಇವುಗಳಲ್ಲೆಲ್ಲಾ ದೊಡ್ಡ ಕೃತಿ, ನನ್ನ ಮಗಳ ಮೊದಲ ನಂಬರೂ ಅದಕ್ಕೇ, ಬೇರೆ ಎರಡು ಓದಿದ್ಮೇಲೆ ಎತ್ಕೊಳ್ಳಿ. ನಂಗೆ ಮಾತ್ರ ಒಂದೇ ಇಟ್ಕೋ ಅಂದ್ರೆ ಬೋನ್.

ಹೋದ ತಿಂಗಳು ಮಂಡ್ಯದಲ್ಲಿರೋ ಅವ್ವನಿಗೆ ಫೋನಲ್ಲಿ ಈ ಏಡಿ ಕಥೆ ಹೇಳ್ದೆ, ಕನ್ನಡದಲ್ಲಿ, ಸ್ಪೀಕರ್ ಹಾಕಿ, ಮಗಳೂ ಪಕ್ಕದಲ್ಲಿದ್ಲು. ಕಾಲು ಮುರಿದಿತ್ತು ಅಂದ ಕೂಡ್ಲೇ ಅವ್ವ "ಹಂಗಾರೆ ಅದು ಆಗ್ಲೇ ಸತ್ತಿರ್ತದೆ ಕಣವ್ವ, ಸತ್ತಿದ್ ಏಡಿಕಾಯ ಸಾರಿಗ್ ಹಾಕ್ಬಾರ್ದು" ಅಂದ್ಲು. ಗದ್ದೆ ಬದುವಲ್ಲಿ ಏಡಿ ಹಿಡಿದು ಬೆಳೆದೋಳು ಅವ್ವ. ಸುಯುಆನ್ ಕೂಡ ಪುಸ್ತಕದಲ್ಲಿ ಮಗಳಿಗೆ ಅದನ್ನೇ ಹೇಳೋದು, ಬೇಯಿಸೋ ಮುಂಚೆನೇ ಸತ್ತಿತ್ತು ಅಂತ. ನಾವಿಬ್ರೂ ಓದುವಾಗ ಆ ಸಾಲನ್ನ ಗಮನಿಸದೆ ಮುಂದೆ ಹೋಗಿದ್ವಿ. ಸ್ವಲ್ಪ ಸುಮ್ನಿದ್ದು ಅವ್ವ ಕೇಳಿದ್ಲು, "ಆವಮ್ಮ ಆಮೇಲೆ ಏನ್ ಉಂಡ್ಲು?"

ಮಗಳು ಎದ್ದು ಪುಸ್ತಕ ತಂದು ಹುಡುಕಿದ್ಲು. ಸೋಯಾ ಸಾಸು, ಶುಂಠಿ, ಈರುಳ್ಳಿ ಸೊಪ್ಪಿನ ಬಟ್ಟಲು ತುಂಬಿಸ್ಕೊಂಡು ಮೇಜಿಗೆ ವಾಪಸ್ ಬಂದ್ಲು ಅಂತ ಇದೆ. ಊಟದ ವಿಷ್ಯ ಅಷ್ಟೇ ಇರೋದು.